ಒಂದೇ ಉಳಿಯ ಊರು

ಆ ಊರಿಗೆಲ್ಲ ಒಂದೇ ಉಳಿ ಇತ್ತು. ಒಂದೇ ಸುತ್ತಿಗೆ. ಕೆತ್ತುವುದಕ್ಕೆ ಒಂದೇ ಗೋಡೆ.

ಊರಿನಲ್ಲಿ ಯಾರು ಏನು ಮಾಡಿದರೂ ಗೋಡೆಯ ಮೇಲೆ ಕೆತ್ತಬೇಕು. ಕೆತ್ತಿದರೆ ಆಯಿತು, ಕೆತ್ತದಿದ್ದರೆ ಆಗಲಿಲ್ಲ. ತನ್ನ ಕೆಲಸವನ್ನು ತಾನೇ ಕೆತ್ತಬೇಕು. ಇನ್ನೊಬ್ಬನದಕ್ಕೆ ಕೈ ಹಾಕುವಂತಿಲ್ಲ. ಸತ್ತವರದ್ದನ್ನು ಮಾತ್ರ ಮನೆಯವರು ಕೆತ್ತಬಹುದು. ಕೆತ್ತದ ಸುದ್ದಿಯನ್ನು ಬಾಯಲ್ಲಿ ಆಡುವಂತಿರಲಿಲ್ಲ. ಹರಟೆ ಹೊಡೆಯಬಹುದು, ಬೈಯಬಹುದು, ಪ್ರಶ್ನೆ ಕೇಳಬಹುದು. ಆದರೆ ತಾನು ಮಾಡಿದ್ದನ್ನು ಕಲ್ಲಿಗಿಂತ ಮುಂಚೆ ನಾಲಿಗೆ ಹೇಳಿತೋ, ಅವನಿಗೆ ಊರಿನ ನೀರು ನಿಂತಿತು. ಇದ್ದದ್ದು ಒಂದು ಕೆರೆ. ಸುತ್ತ ಹನ್ನೆರಡು ಹರದಾರಿ ಬೇರೆ ನೀರಿರಲಿಲ್ಲ.

ಗೋಡೆ ಬಳಪದ ಕಲ್ಲಿನದು. ಉಳಿ ತಾಗಿಸಿದರೆ ಬೆಣ್ಣೆಯ ಹಾಗೆ ಬಿಟ್ಟುಕೊಡುತ್ತಿತ್ತು. ಪ್ರತಿಯೊಬ್ಬನಿಗೂ ಒಂದು ಗುರುತು. ನೀರಗಂಟಿಗೆ ಅಲೆ, ಮುಳುಗುಗಾರನಿಗೆ ಮೀನು, ಹಸುವಿನ ಮುದುಕಿಗೆ ಕೊಂಬು. ಗುರುತು ಕೆತ್ತಿ ಮಾತು ಕೆತ್ತುವುದು.

ಗೋಡೆಯ ಬುಡದಲ್ಲಿ ಸರದಿಗಾರ ಕೂರುತ್ತಿದ್ದ. ಮುದುಕ. ಅವನ ಮುಂದೆ ನೀರಿನ ಕೊಪ್ಪರಿಗೆ, ತಳಕ್ಕೆ ಸಣ್ಣ ತೂತು ಕೊರೆದ ತಾಮ್ರದ ಬಟ್ಟಲು, ಪಕ್ಕದಲ್ಲಿ ಜಾಗಟೆ. ಕರೆದವನ ಕೈಗೆ ಉಳಿ ಕೊಟ್ಟು ಬಟ್ಟಲನ್ನು ನೀರ ಮೇಲೆ ಬಿಡುತ್ತಿದ್ದ. ತೂತಿನಿಂದ ನೀರು ಏರಿ ಬಟ್ಟಲು ಮುಳುಗಿದರೆ ಜಾಗಟೆ. ಜಾಗಟೆ ಬಿದ್ದರೆ ಉಳಿ ಎತ್ತಬೇಕು. ಮಾತು ಅರ್ಧವಾಗಿದ್ದರೂ ಸರಿ, ಅಕ್ಷರ ಅರ್ಧವಾಗಿದ್ದರೂ ಸರಿ. ಉಳಿದದ್ದನ್ನು ಬಾಯೊಳಗೇ ಇಟ್ಟುಕೊಂಡು ಸಾಲಿನ ಬಾಲಕ್ಕೆ ಹೋಗಿ ನಿಲ್ಲಬೇಕು. ಮುಂದಿನವನು ಅವನು ಬಿಟ್ಟ ಜಾಗದಿಂದಲೇ ಕೆತ್ತಬೇಕು. ಕಲ್ಲಿನಲ್ಲಿ ಖಾಲಿ ಬಿಡುವಂತಿರಲಿಲ್ಲ.

ಗೋಡೆಯನ್ನು ಓದಿ ನ್ಯಾಯ ಹೇಳುವವರು ಮೂವರು. ಅವರಿಗೆ ಕಲ್ಲೋದುಗರು ಎಂದು ಹೆಸರು. ಮೇಲಿನ ಸಾಲಿನಲ್ಲಿರುವುದು ಮೊದಲು ಆದದ್ದು, ಕೆಳಗಿನ ಸಾಲಿನಲ್ಲಿರುವುದು ಆಮೇಲೆ ಆದದ್ದು. ಅವರ ಓದು ಇಷ್ಟೇ. ಮೊದಲು, ಆಮೇಲೆ ಎನ್ನುವ ಮಾತುಗಳನ್ನು ಯಾರೂ ಕೆತ್ತುತ್ತಿರಲಿಲ್ಲ. ಕಲ್ಲೇ ಹೇಳುವಾಗ ಮನುಷ್ಯ ಏಕೆ ಹೇಳಬೇಕು?

ಊರಿನಲ್ಲಿ ಏನನ್ನೂ ಕೆತ್ತದವನು ಸರದಿಗಾರ ಒಬ್ಬನೇ. ಅವನ ಅಪ್ಪನೂ ಕೆತ್ತಿದವನಲ್ಲ. ಬಟ್ಟಲು ಹಿಡಿದ ಕೈ ಉಳಿ ಹಿಡಿಯುವುದಿಲ್ಲ ಎಂದು ಮಾತಿತ್ತು. ಅವನಿಗೆ ಗುರುತೂ ಇರಲಿಲ್ಲ. ನಾನು ಮಾಡುವುದೇನಿದೆ, ಕೊಡುತ್ತೇನೆ, ತೆಗೆದುಕೊಳ್ಳುತ್ತೇನೆ ಎಂದುಕೊಂಡು ಐವತ್ತು ವರ್ಷ ಕೂತಿದ್ದ.

ಯಾರನ್ನು ಕರೆಯುವುದು ಎಂಬುದು ಮಾತ್ರ ಅವನಿಗೆ ಬಿಟ್ಟದ್ದು. ಸಾಲಿನ ತಲೆಯಿಂದ ಕರೆಯಬಹುದು, ನಡುವಿನಿಂದಲೂ ಕರೆಯಬಹುದು. ಚಿಕ್ಕ ಮಾತಿನವರನ್ನು ಮೊದಲು ಕಳಿಸಿಬಿಡುವುದು ಅವನ ವಾಡಿಕೆ. ಸಾಲು ಬೇಗ ಕರಗುತ್ತಿತ್ತು. ಜನ ಹೊಗಳುತ್ತಿದ್ದರು.

ಆ ಬೆಳಿಗ್ಗೆ ಸಾಲಿನ ತಲೆಯಲ್ಲಿ ನೀರಗಂಟಿ ನಿಂತಿದ್ದ. ಕೆರೆಯ ತೂಬು ತೆಗೆಯುವವನು, ಮುಚ್ಚುವವನು ಅವನೇ. ಏರಿಯಿಂದ ಓಡಿಬಂದಿದ್ದ. ಮೊಣಕೈವರೆಗೆ ಒದ್ದೆ. ಅವನ ಮಾತು ಯಾವಾಗಲೂ ಉದ್ದ. ತೂಬು ತೆರೆದದ್ದು, ಎಷ್ಟು ಗೇಣು ತೆರೆದದ್ದು, ಯಾವ ಗದ್ದೆಗೆ ಬಿಟ್ಟದ್ದು, ಕೆರೆಯಲ್ಲಿ ಎಷ್ಟು ಮೆಟ್ಟಿಲು ನೀರು ನಿಂತದ್ದು. ಎರಡು ಬಟ್ಟಲಾದರೂ ಹಿಡಿಯುತ್ತಿತ್ತು.

ಅವನ ಹಿಂದೆ ಹಸುವಿನ ಮುದುಕಿ. ಅವಳ ಹಿಂದೆ ಮುಳುಗುಗಾರ. ತೂಬಿನ ಬಾಯಿಗೆ ಸುತ್ತಿಕೊಂಡ ಜೊಂಡನ್ನು ಕೆರೆಯೊಳಗೆ ಮುಳುಗಿ ಕೀಳುವುದು ಅವನ ಕೆಲಸ. ಮುಳುಗುಗಾರರು ಇಳಿಯುವ ಮುಂಚೆಯೇ ಕೆತ್ತುತ್ತಾರೆ. ಮೇಲೆ ಬರುತ್ತೇವೆಂಬ ಖಾತ್ರಿ ಇಲ್ಲ. ಇಳಿಯುವ ಮುಂಚೆ ಕಲ್ಲನ್ನೂ ನೋಡುತ್ತಾರೆ. ತೂಬು ತೆರೆದಿದೆ ಎಂದಿದ್ದರೆ ಇಳಿಯುವುದಿಲ್ಲ. ತೆರೆದ ತೂಬಿನ ಬಾಯಿ ಎತ್ತನ್ನೂ ಎಳೆದುಕೊಳ್ಳುತ್ತದೆ.

ಮುಳುಗುಗಾರ ಕಲ್ಲು ನೋಡಿದ. ಅಲೆಯ ಗುರುತಿನ ಕೊನೆಯ ಮಾತು, ತೂಬು ಮುಚ್ಚಿದೆ. ಹಿಂದಿನ ಸಂಜೆಯದು.

"ಅಜ್ಜ, ನಂದು ಎರಡೇ ಮಾತು," ಎಂದ. "ಬಿಸಿಲೇರೋದ್ರೊಳಗೆ ಹೋಗ್ಬೇಕು."

"ನಂದೂ ಎರಡೇ ಮಾತು," ಎಂದಳು ಮುದುಕಿ. "ಏನೂಂತ ಹೇಳೋ ಹಾಗಿಲ್ಲ. ನಾಳೆ ನಿಂಗೆ ಗಿಣ್ಣು ಬೇಕೋ ಬೇಡ್ವೋ, ಅಷ್ಟು ಯೋಚ್ನೆ ಮಾಡ್ಕೊಂಡು ಕರಿ."

ಸಾಲು ನಕ್ಕಿತು. ನೀರಗಂಟಿ ನಗಲಿಲ್ಲ. ಎರಡೂ ಕೈ ಎತ್ತಿ ಸರದಿಗಾರನಿಗೆ ತೋರಿಸಿದ. ಬೆರಳಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬಾಯಿ ತೆರೆದ. ಮುಚ್ಚಿದ.

"ಕೈ ಇಳಿಸು. ನಿಂದು ದೊಡ್ಡ ಪುರಾಣ," ಎಂದ ಸರದಿಗಾರ. "ನಿನ್ನ ಸರದಿ ಎಲ್ಲಿಗೂ ಓಡಿಹೋಗಲ್ಲ."

ಮುಳುಗುಗಾರನನ್ನು ಕರೆದ. ಅವನು ದಾಟಿ ಹೋಗುವಾಗ ನೀರಗಂಟಿ ಅವನ ತೋಳು ಹಿಡಿದ.

"ಏನಣ್ಣ, ನಿನ್ನ ಸರದಿ ಕದ್ದೆ ಅಂತ ಸಿಟ್ಟಾ?" ಎಂದು ಮುಳುಗುಗಾರ ತೋಳು ಬಿಡಿಸಿಕೊಂಡ. ಮೀನು ಕೆತ್ತಿದ. ಕೆರೆಗೆ ಇಳಿದೆ, ಎಂದು ಕೆತ್ತಿದ. ಬಟ್ಟಲು ಇನ್ನೂ ಅರ್ಧ ತುಂಬಿರಲಿಲ್ಲ. ಉಳಿ ಕೊಟ್ಟು ಹೊರಟ.

ಆಮೇಲೆ ಸರದಿಗಾರ ಮುದುಕಿಯನ್ನು ಕರೆದ. ಅವಳು ಕೊಂಬು ಕೆತ್ತಿ, ಹಸು ಈದಿತು, ಎಂದು ಕೆತ್ತಿದಳು. ಆಮೇಲೆ ನೀರಗಂಟಿಯನ್ನು ಕರೆದ. ನೀರಗಂಟಿ ಉಳಿಯನ್ನು ಕಿತ್ತುಕೊಂಡ. ತೂಬು ತೆರೆದೆ, ಎಂದು ಕೆತ್ತಿದವನೇ ಉಳಿದ ಪುರಾಣ ಬಿಟ್ಟು, ಉಳಿ ಬಿಸಾಡಿ, ಏರಿಯ ಕಡೆ ಓಡಿದ. ಓಡುತ್ತ ಕೂಗುತ್ತಿದ್ದ. ಈಗ ಕೂಗಬಹುದಿತ್ತು.

ಮುಳುಗುಗಾರನ ಹೆಣ ಏರಿಯ ಆಚೆ, ಕಾಲುವೆಯಲ್ಲಿ ಸಿಕ್ಕಿತು.

ಕಲ್ಲೋದುಗರು ಮೂವರೂ ಬಂದು ಓದಿದರು. ಮೀನು: ಕೆರೆಗೆ ಇಳಿದೆ. ಕೊಂಬು: ಹಸು ಈದಿತು. ಅಲೆ: ತೂಬು ತೆರೆದೆ.

"ಮನುಷ್ಯ ಇಳಿದಿದ್ದಾನೆ. ನಡುವೆ ಹಸು ಈಯುವಷ್ಟು ಹೊತ್ತು ಕಳೆದಿದೆ. ಆಮೇಲೆ ಇವನು ತೂಬು ತೆರೆದಿದ್ದಾನೆ," ಎಂದ ಹಿರಿಯ ಕಲ್ಲೋದುಗ. "ಗೊತ್ತಿದ್ದೂ ತೆರೆದ."

ನೀರಗಂಟಿ ಮತ್ತೆ ಮತ್ತೆ ಸಾಲಿಗೆ ಬಂದು, ತೂಬು ತೆರೆದೆ, ತೂಬು ತೆರೆದೆ, ಎಂದು ಕೆತ್ತಿದ. ಕೆಳಗೆ ಕೆತ್ತಿದಷ್ಟೂ ಅದು ಇನ್ನೂ ಆಮೇಲಿನದಾಯಿತು. ಕೊಲೆಗಾರನ ಗುರುತನ್ನು ಗೋಡೆಯಿಂದ ಹೆರೆದು ಹಾಕುವುದು ಪದ್ಧತಿ. ಹೆರೆಸಿಕೊಂಡವನಿಗೆ ನೀರಿಲ್ಲ. ನ್ಯಾಯ ಮುಗಿಯುವವರೆಗೆ ಆಪಾದಿತನಿಗೂ ನೀರಿಲ್ಲ. ಎರಡು ದಿನವಾಯಿತು. ನೀರಗಂಟಿಯ ತುಟಿ ಒಡೆಯಿತು.

ಸರದಿಗಾರ ಎರಡು ದಿನವೂ ಬಟ್ಟಲು ನೋಡುತ್ತ ಕೂತಿದ್ದ. ಒದ್ದೆ ಕೈ ಅವನಿಗೆ ಕಾಣುತ್ತಿತ್ತು. ಬಟ್ಟಲು ಮುಳುಗುವುದನ್ನು ಐವತ್ತು ವರ್ಷ ನೋಡಿದವನು ಆಗ ಮೊದಲ ಸಲ, ಅದು ಮುಳುಗುವಾಗ ಒಂದು ಸಣ್ಣ ಸದ್ದಾಗುತ್ತದೆ ಎಂದು ಗಮನಿಸಿದ.

ಮೂರನೆಯ ಬೆಳಿಗ್ಗೆ ಹಿರಿಯ ಕಲ್ಲೋದುಗ ಅಲೆಯ ಗುರುತು ಹೆರೆಯಲು ಬಂದಾಗ ಸರದಿಗಾರ ಉಳಿ ಕೊಡಲಿಲ್ಲ.

"ಇನ್ನೊಂದು ಸಲ ಕೆತ್ತಿಸಿ ನೋಡಿ," ಎಂದ.

"ಏನನ್ನ?"

"ಆ ದಿನಾನ. ಅದೇ ಜನ, ಅದೇ ಮಾತು. ಬೇರೆ ಹಲಗೆ ಮೇಲೆ."

ಎರಡನೆಯ ಕಲ್ಲೋದುಗ ನಕ್ಕ. "ಅದೇ ಜನ ಅದೇ ಮಾತು ಕೆತ್ತಿದ್ರೆ ಅದೇ ಬರುತ್ತೆ. ಬೀಸಿದ ಹಿಟ್ಟನ್ನೇ ಬೀಸಿದ ಹಾಗೆ."

"ಬೀಸಿ ನೋಡಿ."

ಅವನು ಒಂದೇ ದಿನ ಇಷ್ಟು ಮಾತಾಡಿದ್ದನ್ನು ಊರು ಕಂಡಿರಲಿಲ್ಲ. ಕಲ್ಲೋದುಗರು ಮುಖ ಮುಖ ನೋಡಿಕೊಂಡು ಒಪ್ಪಿದರು. ಬಳಪದ ಕಲ್ಲಿನ ಮೂರು ಹಲಗೆ ತಂದು ನಿಲ್ಲಿಸಿದರು. ನೀರಗಂಟಿ ಬಂದ. ಹಸುವಿನ ಮುದುಕಿ ಬಂದಳು. ಸತ್ತವನ ಬದಲಿಗೆ ಮುಳುಗುಗಾರನ ಹೆಂಡತಿ ಬಂದಳು. ಅಳು ಮುಗಿದ ಮುಖ. ಮೂವರೂ ಸಾಲು ನಿಂತರು: ನೀರಗಂಟಿ, ಮುದುಕಿ, ಹೆಂಡತಿ.

ಮೊದಲ ಹಲಗೆಗೆ ಸರದಿಗಾರ ಸಾಲಿನ ತಲೆಯಿಂದ ಕರೆದ. ತೂಬು ತೆರೆದೆ. ಹಸು ಈದಿತು. ಕೆರೆಗೆ ಇಳಿದೆ.

ಎರಡನೆಯ ಹಲಗೆಗೆ ಚಿಕ್ಕ ಮಾತಿನವರನ್ನು ಮೊದಲು ಕರೆದ. ಕೆರೆಗೆ ಇಳಿದೆ. ಹಸು ಈದಿತು. ತೂಬು ತೆರೆದೆ.

ಮೂರನೆಯ ಹಲಗೆಗೆ ಮತ್ತೆ ತಲೆಯಿಂದ ಕರೆದ. ಒಣಗಿದ ನೀರಗಂಟಿಗೆ ಸುತ್ತಿಗೆ ಭಾರವಾಗಿ, ತೂಬು ಎಂಬಷ್ಟು ಕೆತ್ತುವಾಗಲೇ ಬಟ್ಟಲು ಮುಳುಗಿತು. ಜಾಗಟೆ ಬಿತ್ತು. ಅವನು ಬಾಲಕ್ಕೆ ಹೋದ. ಮುದುಕಿಯದಾಗಿ, ಹೆಂಡತಿಯದಾಗಿ, ಅವನ ಸರದಿ ತಿರುಗಿ ಬಂತು. ತೂಬು. ಹಸು ಈದಿತು. ಕೆರೆಗೆ ಇಳಿದೆ. ತೆರೆದೆ.

ಕಲ್ಲೋದುಗರು ಮೂರೂ ಹಲಗೆ ಓದಿದರು. ತಿರುಗಿ ಓದಿದರು. ಕೆತ್ತಿದವರು ಒಂದಕ್ಷರ ಬದಲಿಸಿರಲಿಲ್ಲ. ಯಾರೂ ನಿಯಮ ಮುರಿದಿರಲಿಲ್ಲ.

"ಒಂದೇ ಕರು," ಎಂದಳು ಮುದುಕಿ. "ಆ ಪುಣ್ಯಾತ್ಮ ಇಳಿಯೋಕೆ ಮುಂಚೇನೂ ಹುಟ್ತು, ಇಳಿದ ಮೇಲೂ ಹುಟ್ತು. ನನ್ನ ಹಸುಗೆ ಹೇಳಿದ್ರೆ ಒದೀತದೆ."

ಯಾರೂ ನಗಲಿಲ್ಲ.

"ಇದರಲ್ಲಿ ನಿಜವಾದ ದಿನ ಯಾವುದು?" ಎಂದ ಎರಡನೆಯ ಕಲ್ಲೋದುಗ.

ಸರದಿಗಾರ ತನ್ನ ಬಲಗೈ ಎತ್ತಿ ತೋರಿಸಿದ. ಬಟ್ಟಲು ಬಿಡುವ ಕೈ. ಅದಕ್ಕಿಂತ ಹೆಚ್ಚು ಹೇಳುವಂತಿರಲಿಲ್ಲ.

ಹಿರಿಯ ಕಲ್ಲೋದುಗ ಗೋಡೆಯ ಹತ್ತಿರ ಹೋದ. ಅಲ್ಲಲ್ಲಿ ಹೆರೆದ ಜಾಗಗಳಿದ್ದವು, ಹಳೆಯ ಗಾಯದ ಕಲೆಯ ಹಾಗೆ ನುಣ್ಣಗೆ. ಒಂದರ ಮೇಲೆ ಅಂಗೈ ಇಟ್ಟ.

"ಇದು ನಮ್ಮಣ್ಣಂದು," ಎಂದ. "ಹೆರೆದವನು ನಾನೇ. ಬಣವೆಗೆ ಬೆಂಕಿ ಬಿತ್ತು ಅನ್ನೋದು ಕೆಳಗಿತ್ತು. ಅವನು ಅಲ್ಲಿ ದೀಪ ಹಿಡಿದು ಹೋದ ಅನ್ನೋದು ಮೇಲಿತ್ತು." ಅವನ ಕೈ ಅಲ್ಲೇ ಇತ್ತು. "ಬೆಂಕಿ ನೋಡೋಕೆ ದೀಪ ಹಿಡಿದು ಹೋಗಿದ್ದೆ ಅಂತ ಹೇಳೋಕೆ ಅವನಿಗೆ ಮಾತೇ ಇರಲಿಲ್ಲ. ಆ ದಿನ ಬಟ್ಟಲು ಬಿಟ್ಟೋರು ಯಾರು?"

"ನಮ್ಮಪ್ಪ," ಎಂದ ಸರದಿಗಾರ.

ಕೊಪ್ಪರಿಗೆಯ ನೀರು ಅಲುಗದೆ ನಿಂತಿತ್ತು.

ಕೊನೆಗೆ ಎರಡನೆಯ ಕಲ್ಲೋದುಗ ಗಂಟಲು ಸರಿಮಾಡಿಕೊಂಡ. ಅವನಿಗೆ ಊರು ಉಳಿಯಬೇಕಿತ್ತು. "ಒಂದು ದಾರಿ ಇದೆ," ಎಂದ. "ಮೊದಲ ಹಲಗೇನ ಗೋಡೆಗೆ ಕೂರಿಸೋಣ. ತೂಬು ತೆರೆದಿತ್ತು, ಮುಳುಗುಗಾರ ಕಲ್ಲು ನೋಡದೆ ಇಳಿದ. ಅವನ ತಪ್ಪು. ಸತ್ತವನಿಗೆ ನೀರು ನಿಂತರೆ ಏನು ನಷ್ಟ?"

"ನನ್ನ ಗಂಡ ಕಲ್ಲು ನೋಡದೆ ಇಳಿಯೋನಲ್ಲ," ಎಂದಳು ಹೆಂಡತಿ.

"ಹಾಗಾದ್ರೆ ಎರಡನೇ ಹಲಗೆ ನಿಜ. ನೀರಗಂಟಿ ಕೊಂದ. ಯಾವುದು ಬೇಕು, ನೀನೇ ಹೇಳಮ್ಮ."

ಅವಳು ನೀರಗಂಟಿಯ ಒಡೆದ ತುಟಿ ನೋಡಿದಳು. ಹಲಗೆಗಳನ್ನು ನೋಡಿದಳು. ಆಮೇಲೆ ಸರದಿಗಾರನ ಎದುರಿಗೆ ಬಂದು ಕುಕ್ಕರುಗಾಲಿನಲ್ಲಿ ಕೂತಳು.

"ಅಜ್ಜ, ಆ ದಿನ ಇವನು ನನ್ನ ಗಂಡನಿಗಿಂತ ಮುಂದೆ ನಿಂತಿದ್ನಾ?"

ಸರದಿಗಾರ ಸುಮ್ಮನಿದ್ದ.

"ಇವನ ಕೈ ಒದ್ದೆ ಇತ್ತಾ?"

ಸುಮ್ಮನಿದ್ದ.

"ಕೆತ್ತಿಲ್ಲ, ಅದಕ್ಕೆ ಬಾಯಿಲ್ಲ ನಿಂಗೆ," ಎಂದಳು. "ಆಯ್ತು. ಇನ್ನೊಂದು ಹಲಗೆ ತರಿಸಿ. ನಾಲ್ಕನೇದು."

ಹಲಗೆ ಬಂತು. ಅಷ್ಟು ಹೊತ್ತಿಗೆ ಊರಿನ ಬೇರೆಯವರೂ ತಮ್ಮ ತಮ್ಮ ಕೆಲಸಕ್ಕೆ ಬಂದು ಸಾಲು ಬೆಳೆದಿತ್ತು. ಸರದಿಗಾರ ನೀರಗಂಟಿಯನ್ನು ಕರೆದ. ನೀರಗಂಟಿ ಎರಡು ಬಟ್ಟಲು ತೆಗೆದುಕೊಂಡು, ತೂಬು ತೆರೆದೆ, ಎಂದು ಕೆತ್ತಿದ. ನಡುವೆ ಹೆಂಡತಿಯ ಸರದಿ ಬಂತು. ಅವಳು ಉಳಿ ತೆಗೆದುಕೊಂಡು ನೆಲದ ಮೇಲಿಟ್ಟಳು. ಬಟ್ಟಲು ಮುಳುಗುವವರೆಗೆ ಅದನ್ನು ನೋಡುತ್ತ ನಿಂತಳು. ಜಾಗಟೆ ಬಿತ್ತು. ಉಳಿ ಹಿಂದಕ್ಕೆ ಕೊಟ್ಟಳು.

ಹೀಗೆ ಯಾರೂ ಮಾಡಿದ್ದಿಲ್ಲ. ಸರದಿಗಾಗಿ ಕಚ್ಚಾಡಿದವರಿದ್ದರು, ಅತ್ತವರಿದ್ದರು. ಬಂದ ಸರದಿಯನ್ನು ಖಾಲಿ ಕಳೆದವರಿರಲಿಲ್ಲ. ಮಾಡಬಾರದು ಎಂದು ನಿಯಮವೂ ಇರಲಿಲ್ಲ, ಮಾಡಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ.

ನೀರಗಂಟಿಯದು ಮುಗಿಯಿತು. ಸರದಿಗಾರ ಹೆಂಡತಿಯನ್ನು ಕರೆದ. ಅವಳು ಮತ್ತೆ ಉಳಿಯನ್ನು ನೆಲದ ಮೇಲಿಟ್ಟಳು.

"ಇನ್ನೇನಮ್ಮ, ಅವನದು ಆಯ್ತಲ್ಲ," ಎಂದ ಹಿರಿಯ ಕಲ್ಲೋದುಗ. "ಈಗ ನೀನು ಕೆತ್ತಿದರೆ ಮೊದಲ ಹಲಗೆಯ ಹಾಗೇ ಆಗುತ್ತದೆ."

"ಅದಕ್ಕೇ ಕೆತ್ತಲ್ಲ. ಅವರಿಬ್ಬರ ನಡುವೆ ಇನ್ನೊಂದು ಕೆಲಸ ಆಗಿದೆ. ಮಾಡಿದೋರು ಅದನ್ನ ಕೆತ್ತಿಲ್ಲ." ಅವಳು ಸರದಿಗಾರನ ಕಡೆ ತಿರುಗಿದಳು. "ಅವರು ಕೆತ್ತೋವರೆಗೆ ನನ್ನ ಗಂಡ ಇಳಿಯೋದಿಲ್ಲ."

ಬಟ್ಟಲು ಮುಳುಗಿತು. ಸರದಿಗಾರ ಜಾಗಟೆ ಹೊಡೆದ. ಅವಳು ಉಳಿ ಹಿಂದಕ್ಕೆ ಕೊಡಲಿಲ್ಲ. ಅವನ ಮುಂದೆ ಚಾಚಿ ಹಿಡಿದಳು, ಹಿಡಿ ಅವನ ಕಡೆಗೆ ಇರುವಂತೆ.

ಬಟ್ಟಲು ಹಿಡಿದ ಕೈ ಉಳಿ ಹಿಡಿಯುವುದಿಲ್ಲ. ಸರದಿಗಾರ ಬಟ್ಟಲನ್ನು ಕೊಪ್ಪರಿಗೆಯಿಂದ ತೆಗೆದು, ನೀರು ಚೆಲ್ಲಿ, ನೆಲದ ಮೇಲೆ ಬೋರಲು ಹಾಕಿದ. ಎದ್ದ. ಮೊಣಕಾಲು ಚಟಕ್ಕೆಂದಿತು. ಉಳಿ ತೆಗೆದುಕೊಂಡ. ಐವತ್ತು ವರ್ಷ ಸಾವಿರ ಸಲ ಮುಟ್ಟಿದ ಉಳಿ. ಅದರ ಮೊನೆ ಯಾವ ಕಡೆ ವಾಲುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಗುರುತಿಗೆ ಒಂದು ಬಟ್ಟಲು ಕೆತ್ತಿದ. ಸೊಟ್ಟಗಾಯಿತು. ಅದರ ಮುಂದೆ ಕೆತ್ತಿದ: ನೀರಗಂಟಿಯ ಒದ್ದೆ ಕೈ ಕಂಡೆ. ಕೈ ಇಳಿಸು ಎಂದೆ. ಮುಳುಗುಗಾರನನ್ನು ಕರೆದು ಉಳಿ ಕೊಟ್ಟೆ.

ಬಟ್ಟಲು ಬೋರಲಾಗಿದ್ದುದರಿಂದ ಜಾಗಟೆ ಬೀಳಲಿಲ್ಲ. ಆ ಊರಿನಲ್ಲಿ ಒಬ್ಬ ಮನುಷ್ಯ ತನ್ನ ಮಾತನ್ನು ಯಾರೂ ತಡೆಯದೆ ಕೊನೆಯವರೆಗೆ ಕೆತ್ತಿದ್ದು ಅದೇ ಮೊದಲು. ಅವನಿಗೆ ಬಹಳ ಹೊತ್ತು ಹಿಡಿಯಿತು.

ಅವನು ಕೂತು ಬಟ್ಟಲು ಎತ್ತಿಕೊಂಡ ಮೇಲೆ ಹೆಂಡತಿ ಉಳಿ ಹಿಡಿದಳು. ಮೀನು ಕೆತ್ತಿದಳು. ಕೆರೆಗೆ ಇಳಿದೆ, ಎಂದು ಕೆತ್ತಿದಳು.

ಕಲ್ಲೋದುಗರು ಓದಿದರು. ಈ ಸಲ ತಿರುಗಿ ಓದಲಿಲ್ಲ. ಆ ಹಲಗೆಯನ್ನೇ ಗೋಡೆಗೆ ಕೂರಿಸಿ ಎಂದ ಹಿರಿಯ ಕಲ್ಲೋದುಗ. ಯಾರೋ ನೀರಗಂಟಿಗೆ ತಂಬಿಗೆ ಕೊಟ್ಟರು. ಅವನು ಎರಡೂ ಕೈಯಲ್ಲಿ ಹಿಡಿದು ಕುಡಿದ. ಅರ್ಧ ಗಂಟಲಿಗೆ, ಅರ್ಧ ಎದೆಗೆ. ಮುಳುಗುಗಾರನ ಹೆಂಡತಿ ಅವನು ಕುಡಿದು ಮುಗಿಸುವುದನ್ನು ನೋಡಿ ಮನೆಗೆ ಹೋದಳು. ಸರದಿಗಾರನನ್ನು ತಿರುಗಿ ನೋಡಲಿಲ್ಲ.

ಹಿರಿಯ ಕಲ್ಲೋದುಗ ಕೈ ಚಾಚಿದ. "ಉಳಿ ಕೊಡು."

"ಯಾತಕ್ಕೆ?"

"ಬಟ್ಟಲಿನ ಗುರುತು ಹೆರೆಯುವುದಕ್ಕೆ. ನಿನ್ನ ಕೈಯಲ್ಲಿ ಒಬ್ಬ ಸತ್ತಿದ್ದಾನೆ. ನೀನೇ ಕೆತ್ತಿದ್ದೀಯ."

"ಹೌದು," ಎಂದ ಸರದಿಗಾರ. "ಸಾಲಿಗೆ ಬನ್ನಿ. ನಿಮ್ಮ ಮುಂದೆ ಹದಿನೇಳು ಜನ ಇದ್ದಾರೆ."

ಹಿರಿಯ ಕಲ್ಲೋದುಗ ಅವನನ್ನು ದಿಟ್ಟಿಸಿ ನೋಡಿದ. ಹೋಗಿ ಸಾಲಿನ ಬಾಲದಲ್ಲಿ ನಿಂತ.

ಹಸುವಿನ ಮುದುಕಿ ಸರದಿಗಾರನ ಕಿವಿಯ ಹತ್ತಿರ ಬಗ್ಗಿದಳು. "ದಡ್ಡ, ಕರೆಯೋದು ನಿನ್ನ ಕೈಲಿದೆ," ಎಂದಳು ಮೆಲ್ಲಗೆ. "ಚಿಕ್ಕ ಮಾತಿನೋರನ್ನ ಕರೀತಾ ಹೋಗು. ಈ ಊರಲ್ಲಿ ಚಿಕ್ಕ ಮಾತಿಗೆ ಬರವಾ? ನಾನೇ ದಿನಾ ನಾಲ್ಕು ಸಲ ಬಂದು ನಿಲ್ತೀನಿ. ಅವನು ಅಲ್ಲೇ ನಿಂತು ಮುದುಕನಾಗಿ ಸಾಯಲಿ."

ಅವಳು ಹೇಳಿದ್ದು ನಿಜ. ಯಾವ ನಿಯಮವನ್ನೂ ಮುರಿಯದೆ ಹಾಗೆ ಮಾಡಬಹುದಿತ್ತು. ಸಾಲಿನ ಬಾಲದಲ್ಲಿ ನಿಂತವನನ್ನು ಎಂದೂ ಕರೆಯದೆ ಇರಬಹುದಿತ್ತು. ಬಟ್ಟಲು ಅವನ ಕೈಯಲ್ಲಿತ್ತು, ನೀರು ಕೊಪ್ಪರಿಗೆಯಲ್ಲಿತ್ತು, ಜನ ಬರುತ್ತಲೇ ಇದ್ದರು. ಹಿಂದೆ ಒಬ್ಬ ಹುಡುಗಿ ಬಂದು ನಿಂತು, ಅಜ್ಜ, ನಂದು ಒಂದೇ ಮಾತು, ಎಂದಳು.

"ಹಿಂದೆ ನಿಲ್ಲಮ್ಮ," ಎಂದ ಸರದಿಗಾರ.

ಸಾಲಿನ ತಲೆಯಲ್ಲಿದ್ದವನನ್ನು ಕರೆದ. ಆಮೇಲೆ ಅವನ ಹಿಂದಿನವನನ್ನು. ಆಮೇಲೆ ಅವನ ಹಿಂದಿನವಳನ್ನು. ಉದ್ದ ಮಾತಿನವರಿದ್ದರು, ಜಾಗಟೆ ಬಿದ್ದು ಬಾಲಕ್ಕೆ ಹೋದರು. ಗಿಡ್ಡ ಮಾತಿನವರಿದ್ದರು, ಕೆತ್ತಿ ಮನೆಗೆ ಹೋದರು. ಯಾರನ್ನೂ ಮುಂದೆ ಮಾಡಲಿಲ್ಲ, ಯಾರನ್ನೂ ಹಿಂದೆ ಮಾಡಲಿಲ್ಲ. ನಡುವೆ ಒಮ್ಮೆ ಬಾಯಾರಿಕೆಯಾಗಿ ಕೊಪ್ಪರಿಗೆಯ ನೀರನ್ನು ಬೊಗಸೆಯಲ್ಲಿ ತೆಗೆದು ಕುಡಿದ. ನಿಧಾನವಾಗಿ ಕುಡಿದ, ಯಾರೂ ತಡೆಯಲಿಲ್ಲ.

ಬಿಸಿಲು ಗೋಡೆ ಬಿಟ್ಟು ನೆಲಕ್ಕಿಳಿಯುವ ಹೊತ್ತಿಗೆ ಹದಿನೇಳು ಜನರದಾಯಿತು. ಹಿರಿಯ ಕಲ್ಲೋದುಗ ಎದುರಿಗೆ ಬಂದು ನಿಂತ.

ಸರದಿಗಾರ ಅವನಿಗೆ ಉಳಿ ಕೊಟ್ಟ. ಬಟ್ಟಲನ್ನು ಒರೆಸಿ ನೀರ ಮೇಲೆ ಬಿಟ್ಟ.

"ಶುರು ಮಾಡಿ," ಎಂದ.